ಮನಸ್ಸು ಓದುವ ಮಗಳಿಗೂ ಒಂದು ಮನಸ್ಸಿದೆ!

ನಿಮ್ಮ ಮನೆಯಲ್ಲಿ ಸೈಕಾಲಜಿ ಎಂ.ಎ. ಅಥವಾ ಎಂ.ಎಸ್ಸಿ. ಓದುತ್ತಿರುವ ಮಗಳಿದ್ದಾಳೆಯೇ? ಹಾಗಾದರೆ ಈ ಮಾತು ನಿಮ್ಮ ಬಾಯಲ್ಲಿ ಒಮ್ಮೆಯಾದರೂ ಬಂದಿರುತ್ತದೆ: “ಸೈಕಾಲಜಿ ಓದೋಳು ನೀನೇ ಹಿಂಗೆ ಟೆನ್ಷನ್ ಮಾಡ್ಕೊಂಡ್ರೆ ಹೆಂಗವ್ವಾ?”

ಪ್ರೀತಿಯಿಂದಲೇ ಹೇಳಿರುತ್ತೀರಿ. ಆದರೆ ಅದನ್ನು ಕೇಳಿದ ಮೇಲೆ ಹುಡುಗಿ ಬಾಯಿ ಬಿಡುವುದಿಲ್ಲ. ತಲೆನೋವು ಅಂತಾಳೆ, ಹಸಿವಿಲ್ಲ ಅಂತಾಳೆ, ಟೆನ್ಷನ್ ಅನ್ನುವ ಪದ ಮಾತ್ರ ಎತ್ತುವುದಿಲ್ಲ. ಹಲ್ಲಿನ ಡಾಕ್ಟರಿಗೆ ಹಲ್ಲುನೋವು ಬಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಈ ಲೆಕ್ಕ ಯಾಕೋ ಮರೆತುಹೋಗುತ್ತದೆ.

ದಾವಣಗೆರೆ ಎಂದರೆ ಹಿಂದೆ ಹತ್ತಿ ಗಿರಣಿಗಳ ಊರು, ಆಮೇಲೆ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳ ಊರು. ಇಲ್ಲಿ ಹುಡುಗಿಯೊಬ್ಬಳು ‘ಸೈಕಾಲಜಿ’ ಅಂದರೆ ಮೊದಲ ಪ್ರಶ್ನೆ “ಡಾಕ್ಟ್ರಾ?” ಅಲ್ಲ ಅಂದರೆ “ಮತ್ತೇನು, ಟೀಚರ್ರಾ?” ವ್ಯತ್ಯಾಸ ಇಷ್ಟೇ. ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗದಲ್ಲಿ ಎಂ.ಡಿ. ಮಾಡಿದವರು ಮನೋವೈದ್ಯರು, ಮಾತ್ರೆ ಬರೆಯುವವರು ಅವರು. ಮನಃಶಾಸ್ತ್ರ ಓದಿದವರು ಪರೀಕ್ಷೆಗಳ ಮೂಲಕ, ಮಾತಿನ ಮೂಲಕ ಕೆಲಸ ಮಾಡುವವರು. ಈ ಓದು ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಆರಂಭಿಸಿದವರು, ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. (ಇದನ್ನು ನಿಮ್ಮ ಯಜಮಾನರಿಗೆ ಹೇಳಿ, ಮಗಳ ಓದಿನ ಮೇಲೆ ಗೌರವ ಹೆಚ್ಚೀತು!)

ಕೇಳುವುದೂ ಒಂದು ದುಡಿಮೆ

ಓದಿನ ಒತ್ತಡ ಎಲ್ಲ ಸ್ನಾತಕೋತ್ತರ ಮಕ್ಕಳಿಗೂ ಇದ್ದದ್ದೇ. ಸೆಮಿಸ್ಟರ್, ಇಂಟರ್ನಲ್ಸ್, ಪ್ರಾಕ್ಟಿಕಲ್ ರೆಕಾರ್ಡು, ಕೊನೆಗೊಂದು ಪ್ರಾಜೆಕ್ಟು. 2018ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ 26 ದೇಶಗಳ 2,279 ಉನ್ನತ ವ್ಯಾಸಂಗದ ವಿದ್ಯಾರ್ಥಿಗಳನ್ನು ಪ್ರಶ್ನಿಸಿತ್ತು. ಅವರಲ್ಲಿ ಹೆಚ್ಚಿನವರು ಪಿಎಚ್.ಡಿ. ಮಾಡುತ್ತಿದ್ದವರು. ಶೇ 39ರಷ್ಟು ಮಂದಿಯ ಖಿನ್ನತೆ ಮಧ್ಯಮ ಮಟ್ಟದಿಂದ ತೀವ್ರ ಮಟ್ಟದಲ್ಲಿತ್ತು. ಕಷ್ಟದಲ್ಲಿರುವವರೇ ಇಂಥ ಸಮೀಕ್ಷೆಗೆ ಹೆಚ್ಚಾಗಿ ಉತ್ತರಿಸುತ್ತಾರೆ ಎನ್ನುವುದು ನಿಜ. ಆದರೂ ತಳ್ಳಿಹಾಕುವ ಅಂಕಿಯಲ್ಲ.

ಸೈಕಾಲಜಿ ಹುಡುಗಿಗೆ ಇದರ ಮೇಲೆ ಇನ್ನೊಂದು ಹೊರೆ. ಇಂಟರ್ನ್‌ಶಿಪ್ ಎಂದು ಅವಳು ಆಸ್ಪತ್ರೆಗೋ, ಮದ್ಯವ್ಯಸನ ಬಿಡಿಸುವ ಕೇಂದ್ರಕ್ಕೋ, ಶಾಲೆಗೋ ಹೋಗುತ್ತಾಳೆ. ಅಲ್ಲಿ ತನ್ನ ತಾಯಿಯ ವಯಸ್ಸಿನ ಹೆಂಗಸು ಎದುರು ಕೂತು ಗಂಡನ ಏಟಿನ ಕಥೆ ಹೇಳುತ್ತಾಳೆ, ಹದಿನಾಲ್ಕರ ಹುಡುಗ ಅಪ್ಪನ ಕುಡಿತದ ಕಥೆ ಹೇಳುತ್ತಾನೆ. ಇಪ್ಪತ್ತೆರಡರ ಹುಡುಗಿ ಮುಖ ಬಾಡಿಸದೆ, ಬುದ್ಧಿ ಹೇಳದೆ, ಅಳದೆ ಕೇಳಬೇಕು. ಸಂಜೆ ಹರಿಹರದ ಬಸ್ಸು ಹತ್ತಿ ಮನೆಗೆ ಬಂದಾಗ ಅವಳ ಕೈಕಾಲು ದಣಿದಿರುವುದಿಲ್ಲ, ಆದ್ದರಿಂದ ದಣಿವು ನಮಗೆ ಕಾಣುವುದಿಲ್ಲ. “ಕೂತು ಮಾತಾಡಿ ಬಂದೀಯ, ಅದಕ್ಕೇನ್ ಸುಸ್ತು” ಅನ್ನುತ್ತೇವೆ.

ಈ ಸುಸ್ತಿಗೆ ಹೆಸರಿದೆ. ‘ಬರ್ನ್‌ಔಟ್’ ಎಂಬ ಪದವನ್ನು 1974ರಲ್ಲಿ ಮನಃಶಾಸ್ತ್ರದ ಬರಹಕ್ಕೆ ತಂದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಸ್ವತಃ ಮನಃಶಾಸ್ತ್ರಜ್ಞ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿದು ತಾನೇ ಬಸವಳಿದು ಅದರ ಬಗ್ಗೆ ಬರೆದವನು. ಬೇರೆಯವರ ನೋವು ಕೇಳಿ ಕೇಳಿ ಕೇಳುಗರಿಗೇ ಬರುವ ಬಳಲಿಕೆಯನ್ನು ‘ಕಂಪ್ಯಾಷನ್ ಫೆಟೀಗ್’ ಎಂದು 1990ರ ದಶಕದಲ್ಲಿ ಗುರುತಿಸಿದರು. ಕರುಣೆಯ ದಣಿವು ಅನ್ನಬಹುದೇನೋ. ಎರಡನೆಯದು ಬಂದಾಗ ಹುಡುಗಿ ಅಳುವುದಿಲ್ಲ, ಒರಟಾಗುತ್ತಾಳೆ. ಟಿ.ವಿ.ಯಲ್ಲಿ ಯಾರೋ ಅತ್ತರೆ ಎದ್ದು ಹೋಗುತ್ತಾಳೆ. ತಂಗಿ ಕಷ್ಟ ಹೇಳಲು ಬಂದರೆ ಸಿಡುಕುತ್ತಾಳೆ. ‘ಓದಿ ಸೊಕ್ಕು ಬಂತು’ ಎಂದು ತಿಳಿಯಬೇಡಿ.

ಜೊತೆಗೆ ಪುಸ್ತಕದ ಕಾಯಿಲೆ! ಪಾಠದಲ್ಲಿ ಓದಿದ ಲಕ್ಷಣಗಳೆಲ್ಲ ತನಗೇ ಇವೆ ಅನ್ನಿಸುವುದು ಮೆಡಿಕಲ್ ಮಕ್ಕಳಂತೆ ಇವರಿಗೂ ಇದೆ. ತನ್ನಲ್ಲಿ ಮುಗಿದ ಮೇಲೆ ಅಪ್ಪನಲ್ಲಿ, ಅಜ್ಜಿಯಲ್ಲಿ ಹುಡುಕಲು ಶುರು ಮಾಡುತ್ತಾಳೆ. ಇದಕ್ಕೆ ನಕ್ಕುಬಿಡಿ, ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಕೇಳಬಾರದ ಪ್ರಶ್ನೆ

“ಇವತ್ತು ಯಾರು ಬಂದಿದ್ರು? ಏನಾಗಿತ್ತಂತೆ?” ಕುತೂಹಲ ಸಹಜ. ಆದರೆ ಅವಳು ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಚಿಕಿತ್ಸೆ ಪಡೆಯುವವರ ಗುಟ್ಟು ಕಾಪಾಡುವುದು ಅವರ ಹಕ್ಕು ಎಂದೇ ಬರೆದಿದೆ. ದಾವಣಗೆರೆಯಂಥ ಊರಿನಲ್ಲಿ ಹೆಸರು ಹೇಳಬೇಕಿಲ್ಲ, “ನಿಟ್ಟುವಳ್ಳಿ ಕಡೆಯೋರು, ಇಬ್ಬರು ಹೆಣ್ಮಕ್ಕಳು” ಅಂದರೆ ಸಾಕು, ಮೂರನೇ ಮನೆಗೆ ಆಳು ಗೊತ್ತಾಗಿಬಿಡುತ್ತದೆ. ಹಾಗಾಗಿ “ಯಾರು” ಎಂದು ಕೇಳಬೇಡಿ, “ಇವತ್ತು ಭಾರ ಆಯ್ತೇನವ್ವಾ?” ಎಂದು ಕೇಳಿ. “ಹೂಂ” ಅಂದರೆ ಅಷ್ಟಕ್ಕೇ ಬಿಟ್ಟು ಚಹಾ ಕೊಡಿ.

ಭಾರದ ವಿವರವನ್ನು ಇಳಿಸಲು ಜಾಗ ಬೇರೆ ಇದೆ. ಅದು ಅವಳ ಮಾರ್ಗದರ್ಶಕರು. ಈ ವೃತ್ತಿಯಲ್ಲಿ ‘ಸೂಪರ್‌ವಿಷನ್’ ಅನ್ನುವುದು ತಪಾಸಣೆ ಅಲ್ಲ, ಕೇಳಿದ್ದನ್ನು ಹಿರಿಯರ ಮುಂದೆ ಬಿಚ್ಚಿಟ್ಟು ಸರಿಪಡಿಸಿಕೊಳ್ಳುವ ವ್ಯವಸ್ಥೆ. ಅದು ವಾರವಾರ ಸಿಗುತ್ತಿದೆಯೇ ಎಂದು ಮಗಳನ್ನು ಕೇಳಿ. ಸಿಗದಿದ್ದರೆ ಕಾಲೇಜಿನಲ್ಲಿ ಕೇಳಿ ಪಡೆಯಲು ಧೈರ್ಯ ಹೇಳಿ. ಅವಳೇ ಒಬ್ಬ ಆಪ್ತಸಮಾಲೋಚಕರ ಬಳಿ ಹೋಗುತ್ತೇನೆ ಅಂದರೆ “ಜನ ಏನಂತಾರೆ” ಅನ್ನಬೇಡಿ. ಸಿಗ್ಮಂಡ್ ಫ್ರಾಯ್ಡ್ 1937ರಲ್ಲೇ ಬರೆದಿದ್ದ, ಮನೋವಿಶ್ಲೇಷಕರು ಐದೈದು ವರ್ಷಕ್ಕೊಮ್ಮೆ ತಾವೇ ವಿಶ್ಲೇಷಣೆಗೆ ಒಳಗಾಗಬೇಕು, ಅದಕ್ಕೆ ನಾಚಬಾರದು ಎಂದು.

ಶಿಫ್ಟ್ ಮನೆಯಲ್ಲಿ ನಿದ್ದೆ

‘ಸೆಲ್ಫ್ ಕೇರ್’ ಎಂದು ಮಗಳು ಹೇಳಿದಾಗ ಪಾರ್ಲರ್, ಫೇಶಿಯಲ್ ಎಂದುಕೊಳ್ಳುವವರೇ ಹೆಚ್ಚು. ನನ್ನ ಪ್ರಕಾರ ಅದರ ಅರ್ಧ ಭಾಗ ನಿದ್ದೆ. ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಶಿಫ್ಟ್ ಮೇಲೆ ದುಡಿಯುವವರ ಮನೆಗಳನ್ನು ನೋಡಿ. ಅಪ್ಪನದು ಈ ವಾರ ನೈಟ್ ಶಿಫ್ಟ್, ಬರುವ ವಾರ ಬೆಳಗಿನದು. ಬುತ್ತಿ ಕಟ್ಟಲು ಅಮ್ಮ ನಾಲ್ಕೂವರೆಗೆ ಏಳಬೇಕು, ಮಿಕ್ಸಿ ಗರ್ರ್ ಎನ್ನಬೇಕು. ಎರಡು ಕೋಣೆಯ ಮನೆಯಲ್ಲಿ ಮಗಳು ಓದುವುದು ಎಲ್ಲರೂ ಮಲಗಿದ ಮೇಲೆ, ಒಂದು ಗಂಟೆಯವರೆಗೆ. ಇನ್ನು ಉಳಿಯುವುದು ಮೂರೂವರೆ ತಾಸು! ಆ ವಯಸ್ಸಿಗೆ ಬೇಕಾದ್ದು ಏಳರಿಂದ ಒಂಬತ್ತು ತಾಸು.

ಶಿಫ್ಟ್ ಬದಲಿಸಲು ನಮ್ಮ ಕೈಯಲ್ಲಾಗದು, ಮಿಕ್ಸಿಯ ಹೊತ್ತು ಬದಲಿಸಬಹುದು. ಚಟ್ನಿ ರಾತ್ರಿಯೇ ರುಬ್ಬಿಡಿ. ಸಂಜೆ ಏಳರಿಂದ ಒಂಬತ್ತು ಅವಳ ಓದಿನ ಹೊತ್ತು, ಧಾರಾವಾಹಿಯ ಸದ್ದು ಇಲ್ಲ ಎಂದು ಮನೆಯಲ್ಲಿ ನಿರ್ಧರಿಸಿ (ಕಷ್ಟ, ನನಗೂ ಗೊತ್ತು). ಸಂಜೆ ಐದರ ಮೇಲೆ ಕಾಫಿ ಬೇಡ. ಕುಡಿದ ಕಾಫಿಯಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು.

ದೇಹ ಸಡಿಲಿಸುವ ಒಂದು ಕ್ರಮ ಅವಳ ಪಠ್ಯದಲ್ಲೇ ಇರುತ್ತದೆ, ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ರೂಪಿಸಿದ್ದು. ಮಲಗಿ ಮುಷ್ಟಿಯನ್ನು ಐದಾರು ಸೆಕೆಂಡು ಬಿಗಿ ಹಿಡಿದು, ಫಕ್ಕನೆ ಬಿಟ್ಟು, ಇಪ್ಪತ್ತು ಸೆಕೆಂಡು ಆ ಸಡಿಲವನ್ನು ಗಮನಿಸುವುದು. ಹಾಗೇ ತೋಳು, ಭುಜ, ಹಣೆ, ಹೊಟ್ಟೆ, ಕಾಲು. ಪರೀಕ್ಷೆಯಲ್ಲಿ ಇದರ ಬಗ್ಗೆ ಹತ್ತು ಅಂಕಕ್ಕೆ ಬರೆಯುವ ಹುಡುಗಿಯರು ಮನೆಯಲ್ಲಿ ಮಾಡುವುದಿಲ್ಲ! ನೀವೂ ಪಕ್ಕದಲ್ಲಿ ಮಲಗಿ “ನನಗೂ ಹೇಳಿಕೊಡು” ಅನ್ನಿ, ಆಗ ಮಾಡುತ್ತಾಳೆ. ಭಾನುವಾರ ಕುಂದವಾಡ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಮೊಬೈಲ್ ಮನೆಯಲ್ಲಿ ಬಿಟ್ಟು.

ಕೊನೆಯ ಸೆಮಿಸ್ಟರಿಗೇ ಸರಿಯಾಗಿ ಗಂಡಿನ ಕಡೆಯವರನ್ನು ಕರೆಸಬೇಡಿ. “ಸೈಕಾಲಜಿ ಹುಡುಗಿ, ನಮ್ ಮನಸ್ಸೆಲ್ಲ ಓದ್‌ಬಿಡ್ತಾಳೇನೋ” ಎಂಬ ಹಳೇ ಜೋಕಿಗೆ ಪರೀಕ್ಷೆಯ ಮುಂಚಿನ ವಾರ ನಗುವ ಶಕ್ತಿ ಯಾರಿಗಿರುತ್ತದೆ?

ಎರಡು ವಾರ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಅದು ಓದಿನ ಟೆನ್ಷನ್ ಮಾತ್ರ ಆಗಿರಲಿಕ್ಕಿಲ್ಲ. “ಇದ್ದು ಏನು ಪ್ರಯೋಜನ” ಎಂಬ ಮಾತು ಬಂದರೆ ನೇರವಾಗಿ ಕೇಳಿ: “ಸಾಯಬೇಕು ಅನ್ನಿಸ್ತಿದೆಯಾ?” ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಹೌದು ಅಂದರೆ ಒಬ್ಬಳನ್ನೇ ಬಿಡದೆ ಅಂದೇ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ.

ಮನೆಯ ಕೌನ್ಸೆಲರ್ ಮಾಡಬೇಡಿ

ಈಗ ನಮ್ಮ ಬುಡಕ್ಕೇ ಬರುವ ಮಾತು. ರಾತ್ರಿ ಪಾತ್ರೆ ತೊಳೆದು ಬಂದು ಮಗಳ ಪಕ್ಕ ಕೂತು ಅತ್ತೆಯ ಮಾತು, ಓರಗಿತ್ತಿಯ ಬಂಗಾರ, ಗಂಡನ ಮೌನ, ಎಲ್ಲ ಹೇಳಿಕೊಳ್ಳುತ್ತೇವೆ. ಮೊದಲೂ ಹೇಳಿಕೊಳ್ಳುತ್ತಿದ್ದೆವು, ಈಗ “ನೀನು ಓದಿದೀಯಲ್ಲ, ನೀನೇ ಹೇಳು” ಎಂದು ತೀರ್ಪು ಕೇಳುತ್ತೇವೆ. ಇದರಲ್ಲಿ ಅವಳು ಸಿಕ್ಕಿಬೀಳುತ್ತಾಳೆ. ಅಜ್ಜಿಯೂ ಅವಳವಳೇ, ಅಪ್ಪನೂ ಅವಳವನೇ. ಸ್ವಂತ ಮನೆಯವರಿಗೆ ಆಪ್ತಸಮಾಲೋಚನೆ ಮಾಡಬಾರದು ಎಂಬುದು ಆ ವೃತ್ತಿಯ ನೀತಿ, ಕಾರಣ ಇದೇ. ಮಗಳಾಗಿ ಅವಳು ನಿಮ್ಮ ಮಾತು ಕೇಳಲಿ, ಆದರೆ ಇಂಟರ್ನ್‌ಶಿಪ್ ದಿನಗಳಲ್ಲಿ ಬೇಡ. ನಿಮ್ಮ ಕಥೆಗೆ ತಂಗಿಗೆ ಫೋನ್ ಮಾಡಿ, ಗೆಳತಿಯ ಮನೆಗೆ ಹೋಗಿ.

ಬೀದಿಯವರದೂ ಇದೇ ಕಥೆ. “ನಿಮ್ ಮಗಳು ಸೈಕಾಲಜಿ ಓದ್ತಾಳಂತಲ್ರೀ ಅಕ್ಕಾ, ನಮ್ ಹುಡುಗನ ತಲ್ಯಾಗೆ ಏನೈತಿ ಅಂತ ಸ್ವಲ್ಪ ನೋಡಾಕೆ ಹೇಳ್ರಿ” ಎಂದು ಬಾಗಿಲಿಗೇ ಬರುತ್ತಾರೆ. ಮಗಳು ದಾಕ್ಷಿಣ್ಯಕ್ಕೆ ಒಪ್ಪಿಬಿಡುತ್ತಾಳೆ, ಹಾಗಾಗಿ ಬೇಡ ಅನ್ನುವ ಕೆಲಸ ನಿಮ್ಮದೇ. ಆದರೆ ಬಂದವರನ್ನು ಬರಿಗೈಲಿ ಕಳಿಸಬೇಡಿ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ತೊಂದರೆ ಇರುವ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ‘ಟೆಲಿ ಮಾನಸ್’ ಎಂಬ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಒಂದು ಚೀಟಿ ನಿಮ್ಮ ಫ್ರಿಜ್ ಬಾಗಿಲ ಮೇಲೂ ಇರಲಿ, ಗ್ಯಾಸ್ ಏಜೆನ್ಸಿ ನಂಬರಿನ ಪಕ್ಕದಲ್ಲಿ.