ಯಲಹಂಕದ ಆಕಾಶ, ಕೆಳಗಿನ ನೆಲ

ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ನಡೆಯುವ ‘ಏರೋ ಇಂಡಿಯಾ’ ವೈಮಾನಿಕ ಪ್ರದರ್ಶನವನ್ನು ನಾಡಿನ ಬಹುಪಾಲು ಜನ ನೋಡುವುದು ಟಿವಿಯಲ್ಲಿ. ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂಥ ಊರುಗಳಲ್ಲಿ ಅದು ಕಡಲೆ, ಬಿಳಿಜೋಳದ ಸುಗ್ಗಿಯ ಕಾಲ. ಹೊಲದಿಂದ ಮನೆಗೆ ಬಂದವರಿಗೆ ಯುದ್ಧವಿಮಾನಗಳ ಪಲ್ಟಿ ಒಂದು ಗಳಿಗೆಯ ಬೆರಗು. ಆದರೆ ಆ ಬೆರಗಿನ ಹಿಂದೆ ಸಾರ್ವಜನಿಕ ಹಣವಿದೆ, ಭೂಮಿಯಿದೆ, ಉದ್ಯೋಗದ ಆಸೆಯಿದೆ, ಪೈಲಟ್‌ಗಳ ಪ್ರಾಣವಿದೆ. 1996ರಿಂದ 2025ರವರೆಗೆ ಹದಿನೈದು ಆವೃತ್ತಿಗಳನ್ನು ಕಂಡ ಈ ಮೇಳದ ಲೆಕ್ಕವನ್ನು ರಾಜ್ಯದ ಎಲ್ಲರೂ ಕೇಳಬೇಕಾಗಿದೆ.

ಬೆಂಗಳೂರಿಗೇ ಏಕೆ ಬಂತು?

ಪ್ರದರ್ಶನಕ್ಕಿಂತ ಅರ್ಧ ಶತಮಾನ ಮೊದಲೇ ಇಲ್ಲಿ ವಿಮಾನ ತಯಾರಿಕೆಯ ಬೀಜ ಬಿದ್ದಿತ್ತು. 1940ರ ಡಿಸೆಂಬರಿನಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಮುಂಬೈನ ಉದ್ಯಮಿಯೊಬ್ಬರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಸಂಸ್ಥಾನ 25 ಲಕ್ಷ ರೂಪಾಯಿ ಹೂಡಿತು, ಭೂಮಿ ಕೊಟ್ಟಿತು. ಕರಾವಳಿಯಿಂದ ದೂರವಿದ್ದುದರಿಂದ ಶತ್ರುದಾಳಿಯ ಭಯ ಕಡಿಮೆಯಿತ್ತು. ಶಿವನಸಮುದ್ರದ ವಿದ್ಯುತ್ ಇತ್ತು, ಹವೆ ಹಿತವಾಗಿತ್ತು, ಭಾರತೀಯ ವಿಜ್ಞಾನ ಸಂಸ್ಥೆ ಊರಲ್ಲೇ ಇತ್ತು. 1942ರಲ್ಲಿ ಕಾರ್ಖಾನೆ ಭಾರತ ಸರ್ಕಾರದ ಕೈಗೆ ಹೋಯಿತು. ಯುದ್ಧ ಮುಗಿಯುವವರೆಗೆ ಅಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ನಡೆಯಿತು.

ಸ್ವಾತಂತ್ರ್ಯಾನಂತರ ಇದೇ ಅಂಗಳದಿಂದ 1951ರಲ್ಲಿ ಎಚ್‌ಟಿ-2 ತರಬೇತಿ ವಿಮಾನ, 1961ರಲ್ಲಿ ಮಾರುತ್ ಯುದ್ಧವಿಮಾನ ಮೇಲೇರಿದವು. ಮುಂದೆ ತೇಜಸ್ ಎಂದು ಹೆಸರಾದ ಹಗುರ ಯುದ್ಧವಿಮಾನ 2001ರ ಜನವರಿ 4ರಂದು ಮೊದಲ ಬಾರಿ ಹಾರಿತು. ಮರುತಿಂಗಳೇ ಮೂರನೆಯ ಏರೋ ಇಂಡಿಯಾ ನಡೆಯಿತು. ಅಂದರೆ ಮೇಳ ಬೆಂಗಳೂರನ್ನು ವಿಮಾನಗಳ ಊರಾಗಿಸಲಿಲ್ಲ. ವಿಮಾನಗಳ ಊರಾಗಿದ್ದರಿಂದಲೇ ಮೇಳ ಇಲ್ಲಿಗೆ ಬಂತು. 2018ರಲ್ಲಿ ಅದು ಲಖನೌಗೆ ಹೋಗುತ್ತದೆಂಬ ಸುದ್ದಿ ಹಬ್ಬಿ ಕರ್ನಾಟಕದಲ್ಲಿ ಪಕ್ಷಭೇದವಿಲ್ಲದೆ ವಿರೋಧ ಎದ್ದಾಗ, ಕೊನೆಗೆ ಇಲ್ಲೇ ಉಳಿಸಿಕೊಳ್ಳಲು ನೆರವಾದದ್ದು ಈ ಇತಿಹಾಸವೇ.

ಸಂತೆಯೂ ಹೌದು

ಐದು ದಿನಗಳ ಪ್ರದರ್ಶನದಲ್ಲಿ ಮೊದಲ ಮೂರು ದಿನ ವ್ಯಾಪಾರಕ್ಕೆ ಮೀಸಲು. ಜನಸಾಮಾನ್ಯರಿಗೆ ಬಾಗಿಲು ತೆರೆಯುವುದು ಕೊನೆಯ ಎರಡು ದಿನ. ಮೇಳದ ಮುಖ್ಯ ಉದ್ದೇಶ ಯಾವುದೆಂಬುದು ಇದರಲ್ಲೇ ಸ್ಪಷ್ಟ. ವಾಯುಪಡೆ 126 ಯುದ್ಧವಿಮಾನ ಖರೀದಿಗೆ 2007ರಲ್ಲಿ ಟೆಂಡರ್ ಕರೆದ ಮೇಲೆ ಅಮೆರಿಕ, ರಷ್ಯಾ ಮತ್ತು ಯುರೋಪಿನ ಆರು ವಿಮಾನಗಳು ಸ್ಪರ್ಧೆಗಿಳಿದವು. ಮುಂದಿನ ಆವೃತ್ತಿಗಳಲ್ಲಿ ಯಲಹಂಕದ ಆಕಾಶವೇ ಆ ಪೈಪೋಟಿಯ ಕಣವಾಯಿತು. 2012ರಲ್ಲಿ ಫ್ರಾನ್ಸಿನ ರಫೇಲ್ ಆಯ್ಕೆಯಾಯಿತು. ಮಾತುಕತೆ ಮುರಿದು, 2016ರಲ್ಲಿ ಕೊಂಡದ್ದು 36 ಮಾತ್ರ. 2025ರಲ್ಲಿ ಅಮೆರಿಕದ ಎಫ್-35, ರಷ್ಯಾದ ಎಸ್‌ಯು-57 ಒಂದೇ ಅಂಗಳಕ್ಕೆ ಬಂದಿದ್ದೂ ಮಾರಾಟದ ಆಸೆಯಿಂದಲೇ.

ಸ್ವದೇಶಿ ತಯಾರಿಕೆಯ ಕಥೆಯಲ್ಲೂ ಘೋಷಣೆಗೂ ಹಸ್ತಾಂತರಕ್ಕೂ ನಡುವೆ ಅಂತರವಿದೆ. ಕೋವಿಡ್ ಕಾರಣ ಮೂರೇ ದಿನಕ್ಕೆ ಇಳಿದ 2021ರ ಮೇಳದಲ್ಲಿ 83 ತೇಜಸ್ ವಿಮಾನಗಳ ಸುಮಾರು 48,000 ಕೋಟಿ ರೂಪಾಯಿಯ ಗುತ್ತಿಗೆಗೆ ಮುದ್ರೆ ಬಿತ್ತು. 2024ರಲ್ಲಿ ವಿಮಾನಗಳ ಹಸ್ತಾಂತರ ಆರಂಭವಾಗಬೇಕಿತ್ತು. ಅಮೆರಿಕದಿಂದ ಎಂಜಿನ್ ಬರುವುದು ತಡವಾಗಿ ಗಡುವು ತಪ್ಪಿತು. 2025ರ ಪ್ರದರ್ಶನದ ಅಂಗಳದಲ್ಲೇ ವಾಯುಪಡೆಯ ಹಿರಿಯ ಅಧಿಕಾರಿ ವಿಳಂಬದ ಬಗ್ಗೆ ಅಸಮಾಧಾನ ಹೊರಹಾಕಿದರು. 2023ರ ಮೇಳದ ಕೊನೆಗೆ ಒಡಂಬಡಿಕೆಗಳೂ ಸೇರಿ 266 ಪಾಲುದಾರಿಕೆಗಳು, ಸುಮಾರು 80,000 ಕೋಟಿ ರೂಪಾಯಿ ಮೌಲ್ಯ ಎಂದು ಸಾರಲಾಯಿತು. ಅವುಗಳಲ್ಲಿ ಎಷ್ಟು ಕಾರ್ಖಾನೆಯ ನೆಲ ಮುಟ್ಟಿದವು ಎಂಬ ವರದಿಯೂ ಅಷ್ಟೇ ಸದ್ದಿನಿಂದ ಜನರ ಮುಂದೆ ಬರಬೇಕಲ್ಲವೆ?

ಪ್ರಾಣದ ಬೆಲೆ

ಉತ್ತರ ಕರ್ನಾಟಕಕ್ಕೆ ಈ ಮೇಳದೊಂದಿಗೆ ಹತ್ತಿರದ ನಂಟಿರುವುದು ಬೀದರದ ಮೂಲಕ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಅಲ್ಲಿನ ವಾಯುನೆಲೆಯಲ್ಲಿ. ಒಂಬತ್ತು ವಿಮಾನಗಳು ಕೆಲವೇ ಮೀಟರ್ ಅಂತರದಲ್ಲಿ ಹಾರುವ ಆ ಶಿಸ್ತಿನ ಹಿಂದೆ ದೀರ್ಘ ತಾಲೀಮಿದೆ. 2006 ಮತ್ತು 2009ರಲ್ಲಿ ಬೀದರ ಸಮೀಪದ ತಾಲೀಮಿನಲ್ಲೇ ಪೈಲಟ್‌ಗಳು ಪ್ರಾಣ ಬಿಟ್ಟರು. 2007ರ ಮೇಳಕ್ಕೆ ಕೆಲವೇ ದಿನ ಮೊದಲು ವಾಯುಪಡೆಯ ಹೆಲಿಕಾಪ್ಟರ್ ಕಸರತ್ತಿನ ಸಾರಂಗ್ ತಂಡದ ಒಂದು ಧ್ರುವ ಯಲಹಂಕದಲ್ಲಿ ಬಿದ್ದು ಸಹ ಪೈಲಟ್ ತೀರಿಕೊಂಡರು. 2019ರ ಫೆಬ್ರುವರಿ 19ರಂದು, ಉದ್ಘಾಟನೆಯ ಮುನ್ನಾದಿನ, ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ಮಡಿದರು.

ಅದೇ ವಾರ ಪಾರ್ಕಿಂಗ್ ಮೈದಾನದ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟವು. ಫೆಬ್ರುವರಿಯಲ್ಲಿ ಬಯಲುಸೀಮೆಯ ಹುಲ್ಲು ಒಣಗಿರುತ್ತದೆ ಎಂಬುದು ಕುರಿ ಕಾಯುವ ಹುಡುಗನಿಗೂ ಗೊತ್ತು, ವ್ಯವಸ್ಥಾಪಕರಿಗೆ ಗೊತ್ತಿರಲೇಬೇಕಿತ್ತು. 2024ರ ಅಕ್ಟೋಬರಿನಲ್ಲಿ ಚೆನ್ನೈನ ಮರೀನಾದಲ್ಲಿ ನಡೆದ ವಾಯುಪಡೆಯ ಪ್ರದರ್ಶನಕ್ಕೆ ಬಂದ ಜನಸಾಗರದಲ್ಲಿ ಐವರು ಸತ್ತದ್ದು ಬಿಸಿಲು, ನೂಕುನುಗ್ಗಲಿನ ನಡುವೆ. ಆಕಾಶದ ಅಪಾಯವನ್ನು ಪೈಲಟ್‌ಗಳು ತಿಳಿದೇ ಹೊರುತ್ತಾರೆ. ನೆರಳು, ನೀರು, ದಾರಿಗಳ ಕೊರತೆಯಿಂದ ನೋಡುಗರು ಸಾಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ದೇವನಹಳ್ಳಿಯ ಹೊಲ, ಹಳ್ಳಿಗುಡಿಯ ನೆನಪು

ಮೇಳದಲ್ಲಿ ಬೆಳೆದ ಹೂಡಿಕೆಯ ಉತ್ಸಾಹ ಕೊನೆಗೆ ಭೂಮಿಯನ್ನು ಕೇಳುತ್ತದೆ. ವೈಮಾನಿಕ ಉದ್ಯಮಕ್ಕೆಂದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಗೆ ಸರ್ಕಾರ ಕೈಹಾಕಿದಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಬೆನ್ನಲ್ಲೇ ನೆರೆಯ ಆಂಧ್ರ ಉದ್ಯಮಗಳಿಗೆ ಬಹಿರಂಗ ಆಹ್ವಾನ ಕೊಟ್ಟಿತು. ಗದಗ ಜಿಲ್ಲೆಯವರಿಗೆ ಈ ಸನ್ನಿವೇಶ ಹೊಸದಲ್ಲ. ವಿದೇಶಿ ಉಕ್ಕು ಕಂಪನಿಗೆಂದು ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಭೂಸ್ವಾಧೀನಕ್ಕೆ ಹೊರಟಾಗ ರೈತರೂ ಮಠವೂ ಒಟ್ಟಾಗಿ ನಿಂತು, 2011ರ ಜುಲೈನಲ್ಲಿ ಯೋಜನೆಯನ್ನು ಹಿಮ್ಮೆಟ್ಟಿಸಿದ್ದರು.

ಉದ್ಯಮದ ಪರ ಇರುವವರ ವಾದವನ್ನೂ ತಳ್ಳಿಹಾಕಲಾಗದು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯಲ್ಲಿ ಎದ್ದ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಗೊಂಡಿತು. ಬೆಳಗಾವಿ ಬಳಿ ವಿಮಾನದ ಬಿಡಿಭಾಗಗಳು ತಯಾರಾಗಿ ವಿದೇಶಕ್ಕೆ ಹೋಗುತ್ತವೆ. ಈ ಕೆಲಸ ಬೆಂಗಳೂರಿನ ಸೆರಗಿನಲ್ಲೇ ನಡೆಯಬೇಕೆಂದಿಲ್ಲ ಎಂಬುದಕ್ಕೆ ಇವೆರಡೂ ಸಾಕ್ಷಿ. ಮೇಳ ಯಲಹಂಕದಲ್ಲೇ ಇರಲಿ. ಅದಕ್ಕೆ ಅರ್ಹತೆ ಆ ಊರಿಗಿದೆ. ಉದ್ಯಮ ಮಾತ್ರ ಜಿಲ್ಲೆಗಳಿಗೆ ಹೋಗಬೇಕು, ಅದೂ ಎರಡು ಷರತ್ತಿನ ಮೇಲೆ: ಬೆಳೆ ಬರುವ ಹೊಲಕ್ಕೆ ಒಪ್ಪಿಗೆಯಿಲ್ಲದೆ ಕೈಹಾಕಬಾರದು, ಕಾರ್ಖಾನೆಯ ಅಡಿಗಲ್ಲಿಗೂ ಮೊದಲೇ ಆ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಅದಕ್ಕೆ ಬೇಕಾದ ಕಸುಬಿನ ಪಾಠ ಶುರುವಾಗಬೇಕು. ಮುಂದಿನ ಮೇಳಕ್ಕೆ ಮುನ್ನ ಹಿಂದಿನ ಒಡಂಬಡಿಕೆಗಳ ಪಟ್ಟಿಯನ್ನೂ ಅವು ತಲುಪಿದ ಹಂತವನ್ನೂ ಶಾಸನಸಭೆಯಲ್ಲಿ ಮಂಡಿಸಲು ರಾಜ್ಯಕ್ಕೆ ಹೆಚ್ಚು ಖರ್ಚೇನೂ ಆಗುವುದಿಲ್ಲ.