ರಕ್ತಶುದ್ಧಿಯ ಸರದಿ

ಹಾವೇರಿಯಿಂದ ಮೂಡಣಕ್ಕೆ, ತುಂಗಭದ್ರೆಯ ಕಡೆಗೆ ಹೊರಟವರಿಗೆ ಹಾದಿಯಲ್ಲಿ ಸಿಗುವ ಗುತ್ತಲವು ಹಳೆಯ ಊರು. ತಾವು ಚಂದ್ರಗುಪ್ತನ ವಂಶದವರೆಂದು ಹೇಳಿಕೊಳ್ಳುತ್ತಿದ್ದ ಗುತ್ತ ಅರಸರು ಹನ್ನೆರಡು-ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿಂದ ಆಳಿದರು; ಆಗ ಇದಕ್ಕೆ ಗುತ್ತವೊಳಲೆಂದು ಹೆಸರು. ಇಂದು ಇದು ಒಕ್ಕಲುತನದ ಊರು. ಒಂದು ಕಡೆಗೆ ಹಾವೇರಿ, ಇನ್ನೊಂದು ಕಡೆಗೆ ರಾಣೇಬೆನ್ನೂರು; ಎರಡಕ್ಕೂ ಹೆಚ್ಚುಕಡಿಮೆ ಇಪ್ಪತ್ತೈದು ಕಿಲೋಮೀಟರಿನ ದಾರಿ. ಸಂತೆಗೋ ಕಚೇರಿಗೋ ಹೋಗುವವನಿಗೆ ಇದು ದೂರವೆನಿಸದು. ಆದರೆ ಮೂತ್ರಪಿಂಡಗಳು ಸೋತುಹೋದ ರೋಗಿಗೆ ಈ ದೂರವೇ ಆಯುಷ್ಯದ ಅಳತೆಯಾಗಿ ಪರಿಣಮಿಸುವದುಂಟು. ಅದು ಹೇಗೆಂಬುದನ್ನೂ, ಅದಕ್ಕೆ ಮನೆಯವರೂ ಊರವರೂ ಸರಕಾರವೂ ಮಾಡತಕ್ಕದ್ದೇನೆಂಬುದನ್ನೂ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಬೆನ್ನಿನಲ್ಲಿ, ಪಕ್ಕೆಲುಬುಗಳ ಕೆಳಗಿನ ಅಂಚಿಗೆ, ಒಂದೊಂದು ಮುಷ್ಟಿಯಷ್ಟು ದೊಡ್ಡವಾದ ಎರಡು ಮೂತ್ರಪಿಂಡಗಳು ಇರುವವು. ಈಗ ಹಳ್ಳಿಯವರೂ ಇವನ್ನು ಕಿಡ್ನಿಯೆಂದೇ ಕರೆಯುತ್ತಾರೆ. ಒಂದೊಂದರಲ್ಲಿ ಕಣ್ಣಿಗೆ ಕಾಣದ ಸುಮಾರು ಹತ್ತು ಲಕ್ಷ ಜರಡಿಗಳುಂಟು. ಒಂದು ಹಗಲು ಒಂದು ರಾತ್ರಿ ಕೂಡಿ ಇವು ರಕ್ತದಿಂದ ಸುಮಾರು ೧೮೦ ಲೀಟರು ದ್ರವವನ್ನು ಸೋಸಿ, ದೇಹಕ್ಕೆ ಬೇಕಾದುದೆಲ್ಲವನ್ನು ತಿರುಗಿ ರಕ್ತಕ್ಕೆ ಒಪ್ಪಿಸಿ, ಬೇಡವಾದುದನ್ನು ಒಂದೂವರೆ ಲೀಟರಿನಷ್ಟು ಮೂತ್ರವನ್ನಾಗಿ ಹೊರಗೆ ಕಳಿಸುವವು. ಎಲ್ಲರ ಕೊನೆಗೆ ಉಂಡು ಎಲ್ಲರಿಗಿಂತ ಮೊದಲು ಏಳುವ ಹಿರಿಯ ಸೊಸೆಯಂತೆ ಇವು ಬಹಳ ಸಹನೆಯ ಅಂಗಗಳು. ಮುಕ್ಕಾಲು ಪಾಲು ಶಕ್ತಿ ಹೋದರೂ ತಕರಾರು ಹೇಳುವದಿಲ್ಲ. ಮೋರೆ ಕಾಲುಗಳಿಗೆ ಬಾವು ಬಂದು, ಊಟ ಸೇರದೆ, ಏದುಸಿರು ಹತ್ತಿದ ಮೇಲೆ ರೋಗಿಯು ದವಾಖಾನೆಗೆ ಹೋದರೆ, ವೈದ್ಯರು ಅಂದೇ ಡಯಾಲಿಸಿಸ್ ಆಗಬೇಕೆನ್ನುತ್ತಾರೆ. ಮನೆಯವರಿಗೆ ಸಿಡಿಲು ಬಡಿದಂತಾಗುತ್ತದೆ.

ಸಕ್ಕರೆ ರೋಗ, ರಕ್ತದ ಒತ್ತಡ ಇವೆರಡೇ ಈ ಸಂಕಟದ ದೊಡ್ಡ ಕಾರಣಗಳು. ಮೈಕೈ ನೋವಿಗೆಂದು ಅಂಗಡಿಯಿಂದ ತಾವಾಗಿಯೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಗಳೂ ಮೂತ್ರಪಿಂಡಕ್ಕೆ ಕೇಡು ಮಾಡುವವು. ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗಂತೂ ಹೆಚ್ಚು. ಸಕ್ಕರೆ ರೋಗವಿದ್ದವರು ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿಕೊಂಡರೆ, ರೋಗವು ಬಾಗಿಲು ತಟ್ಟುವ ಮೊದಲೇ ಅದರ ಹೆಜ್ಜೆಯ ಸಪ್ಪಳ ಕೇಳಿಸೀತು.

ಡಯಾಲಿಸಿಸ್ ಎಂದರೆ ಯಂತ್ರದಿಂದ ಆಗುವ ರಕ್ತಶುದ್ಧಿ. ರಕ್ತವನ್ನು ದೇಹದ ಹೊರಗೆ ತಂದು ತೆಳುವಾದ ಪೊರೆಯ ಒಂದು ಬದಿಗೆ ಹರಿಯಿಸಿ, ಇನ್ನೊಂದು ಬದಿಗೆ ಶುದ್ಧವಾದ ದ್ರಾವಣವನ್ನು ಹರಿಯಿಸಿದರೆ, ರಕ್ತದಲ್ಲಿಯ ಕಶ್ಮಲವು ಪೊರೆಯ ಸೂಕ್ಷ್ಮ ರಂಧ್ರಗಳಿಂದ ಆಚೆಗೆ ಹೋಗುವದು. ಜರ್ಮನರ ಹಿಡಿತದಲ್ಲಿದ್ದ ಹಾಲಂಡಿನ ಕಾಂಪೆನ್ ಎಂಬ ಊರಲ್ಲಿ, ೧೯೪೩ನೆಯ ಇಸವಿಯಲ್ಲಿ, ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯನು ಸೆಲೊಫೇನಿನ ಕೊಳವೆಯನ್ನು ಒಂದು ಮರದ ಉರುಳೆಗೆ ಸುತ್ತಿ ಇಂಥ ಯಂತ್ರವನ್ನು ಕಟ್ಟಿದನು. ಮೊದಮೊದಲಿನ ರೋಗಿಗಳು ಉಳಿಯಲಿಲ್ಲ. ೧೯೪೫ರಲ್ಲಿ ೬೭ ವರ್ಷದ ಮುದುಕಿಯೊಬ್ಬಳು ಎಚ್ಚರಗೊಂಡು ಮಾತನಾಡಿದಳು. ಆದರೆ ಪ್ರತಿಯೊಂದು ಸಲಕ್ಕೂ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ, ನಿತ್ಯದ ರೋಗಿಗೆ ಇದು ಉಪಯೋಗಕ್ಕೆ ಬರುತ್ತಿರಲಿಲ್ಲ. ಅಮೇರಿಕದ ಸಿಯಾಟಲ್ ಪಟ್ಟಣದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯನು ೧೯೬೦ರಲ್ಲಿ ಕೈಯಲ್ಲಿಯೇ ಇರಿಸಬಹುದಾದ ಟೆಫ್ಲಾನಿನ ಕೊಳವೆಯನ್ನು ಬಳಕೆಗೆ ತಂದ ಮೇಲೆ, ಅದೇ ರೋಗಿಗೆ ವರ್ಷಗಟ್ಟಲೆ ರಕ್ತಶುದ್ಧಿ ಮಾಡುವದು ಸಾಧ್ಯವಾಯಿತು. ಆಗ ಬೇರೊಂದು ಧರ್ಮಸಂಕಟ ಹುಟ್ಟಿತು. ಯಂತ್ರಗಳು ಕೆಲವೇ, ರೋಗಿಗಳು ಬಹಳ. ಆ ಪಟ್ಟಣದಲ್ಲಿ ಊರಿನ ಕೆಲವು ಗೃಹಸ್ಥರ ಒಂದು ಸಮಿತಿಯನ್ನು ನೇಮಿಸಿ, ಯಾರಿಗೆ ಯಂತ್ರ ಕೊಡಬೇಕು, ಯಾರಿಗೆ ಇಲ್ಲವೆನ್ನಬೇಕು ಎಂಬುದನ್ನು ಅವರಿಗೆ ಒಪ್ಪಿಸಿದರು. ಚಿತ್ರಗುಪ್ತನ ಕೆಲಸವು ಮನುಷ್ಯರ ಪಾಲಿಗೆ ಬಂದಿತು.

ಇಂದು ಅಂಥ ಸಮಿತಿ ಕೂಡುವದಿಲ್ಲ. ಆದರೆ ಗುತ್ತಲದಂಥ ಊರುಗಳಲ್ಲಿ ಅದರ ಕೆಲಸವನ್ನು ಬಸ್ಸಿನ ವೇಳೆಯೂ, ಕಿಸೆಯಲ್ಲಿಯ ಹಣವೂ, ಜೊತೆಗೆ ಬರುವವರು ಇದ್ದಾರೋ ಇಲ್ಲವೋ ಎಂಬುದೂ ಸದ್ದಿಲ್ಲದೆ ಮಾಡುತ್ತಿವೆಯೆಂದು ನಮ್ಮ ಅಭಿಪ್ರಾಯ.

ಲೆಕ್ಕವನ್ನೇ ನೋಡಿರಿ. ನಮ್ಮ ದೇಶದಲ್ಲಿ ಪ್ರತಿವರ್ಷ ಸುಮಾರು ೨.೨ ಲಕ್ಷ ಜನರಿಗೆ ಹೊಸದಾಗಿ ಮೂತ್ರಪಿಂಡಗಳು ಪೂರ್ತಿ ಸೋಲುವವೆಂದೂ, ಅದರಿಂದ ೩.೪ ಕೋಟಿ ಸಲದ ಡಯಾಲಿಸಿಸ್ಸಿನ ಅವಶ್ಯಕತೆ ಹೆಚ್ಚುವದೆಂದೂ ಕೇಂದ್ರ ಸರಕಾರವು ತನ್ನ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಆರಂಭದಲ್ಲಿ, ೨೦೧೬ರಲ್ಲಿ, ಅಂದಾಜು ಮಾಡಿತು. ವಾರಕ್ಕೆ ಮೂರು ಸಲದಂತೆ ವರ್ಷಕ್ಕೆ ೧೫೬ ಸಲ ಹಿಡಿದರೆ ಮಾತ್ರ ಈ ಅಂಕಿಗಳು ಒಂದಕ್ಕೊಂದು ಕೂಡುವವು. ಆ ಕಾರ್ಯಕ್ರಮದಂತೆ ಬಡತನದ ರೇಖೆಯ ಕೆಳಗಿನವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯು ಉಚಿತ. ಹಿಂದೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕಾಗಿದ್ದ ರೋಗಿಗೆ ಈಗ ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ತಾಲೂಕು ಆಸ್ಪತ್ರೆಗಳಲ್ಲಿಯೂ ಯಂತ್ರಗಳು ಸಿಗುವವು. ಇದು ಸಣ್ಣ ಮಾತಲ್ಲ. ಆದರೂ ಗುತ್ತಲದ ರೋಗಿಯು ವಾರಕ್ಕೆ ಮೂರು ಸಲ ಹೋಗಿ ಬಂದರೆ, ವರ್ಷಕ್ಕೆ ಸುಮಾರು ಎಂಟು ಸಾವಿರ ಕಿಲೋಮೀಟರಿನ ಪ್ರವಾಸವಾಗುವದು. ಎರಡು ಸಲ ಕಾಶಿಗೆ ಹೋಗಿ ಬಂದವನೂ ಇದಕ್ಕಿಂತ ಹೆಚ್ಚಿನ ದಾರಿ ಸವೆಸಿರಲಾರನು! ಯಂತ್ರದ ಮುಂದೆ ನಾಲ್ಕು ತಾಸು, ದಾರಿಯಲ್ಲಿ ಎರಡು-ಮೂರು ತಾಸು. ರೋಗಿಯ ಜೊತೆಗೆ ಬಂದ ಮಗನದೋ ಹೆಂಡತಿಯದೋ ಒಂದು ದಿನದ ದುಡಿಮೆಯೂ ಹೋದಂತೆ. ೨೦೨೩ರ ಜೂನ್ ತಿಂಗಳಿನಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟು ಇಲ್ಲದಂತಾದುದರಿಂದ, ಗಂಡನ ಜೊತೆಗೆ ಹೋಗುವ ಹೆಂಡತಿಯ ಖರ್ಚು ತಪ್ಪಿತು. ಗಂಡನ ಖರ್ಚು ಉಳಿದೇ ಇದೆ.

ಹೀಗಾಗಿ ಮೂರು ಸಲವಿದ್ದುದು ಎರಡಾಗುತ್ತದೆ. ಬಿತ್ತಿಗೆಯ ಹಂಗಾಮಿನಲ್ಲಿ, ಪಂಚಮಿಯಲ್ಲಿ, ಊರ ಜಾತ್ರೆಯಲ್ಲಿ ಆ ಎರಡರಲ್ಲಿಯೂ ಒಂದು ತಪ್ಪುತ್ತದೆ. "ಇಂದು ಮೈ ಹಗುರಾಗಿದೆ, ನಾಳೆ ನೋಡೋಣ" ಎಂಬ ಮಾತು ಬರುವದೂ ಆಗಲೇ. ಮೂತ್ರಪಿಂಡವು ದಿನದ ಇಪ್ಪತ್ತನಾಲ್ಕು ತಾಸು ಮಾಡುತ್ತಿದ್ದ ಕೆಲಸವನ್ನು ಯಂತ್ರವು ವಾರದಲ್ಲಿ ಹನ್ನೆರಡು ತಾಸಿನಲ್ಲಿ ಮಾಡಬೇಕಾಗಿದೆ. ನಡುವಿನ ದಿನಗಳಲ್ಲಿ ನೀರೂ ಪೊಟ್ಯಾಸಿಯಮ್ ಎಂಬ ಲವಣವೂ ರಕ್ತದಲ್ಲಿ ಏರುತ್ತಲೇ ಇರುವವು. ಪೊಟ್ಯಾಸಿಯಮ್ ಮಿತಿ ಮೀರಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯವು ನಿಲ್ಲುವದುಂಟು. ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಲ್ಲಿಯೂ, ಎರಡು ದಿನ ಬಿಡುವು ಬಂದ ಮರುದಿನವೇ ಸಾವುಗಳು ಹೆಚ್ಚೆಂದು ಅಮೇರಿಕದ ಸಂಶೋಧಕರು ೨೦೧೧ರಲ್ಲಿ ತೋರಿಸಿಕೊಟ್ಟರು. ಅಂದಮೇಲೆ ನಾಲ್ಕೈದು ದಿನ ಬಿಟ್ಟವನ ಗತಿಯನ್ನು ವಾಚಕರೇ ಊಹಿಸಬಹುದು.

ಇನ್ನು ಆಸ್ಪತ್ರೆಯ ಒಳಗಿನ ಮಾತು. ಒಂದು ಸಲದ ಡಯಾಲಿಸಿಸ್ಸಿಗೆ ೧೨೦ ಲೀಟರಿನಷ್ಟು ನೀರು ಬೇಕು, ಅದೂ ಅತಿ ಶುದ್ಧವಾದದ್ದು. ನಮ್ಮ ಸೀಮೆಯ ಬೋರವೆಲ್ಲಿನ ಗಡುಸು ನೀರನ್ನು ಹಾಗೆಯೇ ಹಾಯಿಸಿದರೆ ಅದು ರೋಗಿಗೆ ವಿಷವಾದೀತು. ನೀರು ಶುದ್ಧಿ ಮಾಡುವ ಯಂತ್ರ, ವಿದ್ಯುತ್ತು ಹೋದರೆ ನಡೆಯುವ ಜನರೇಟರು, ರಕ್ತ ಸೋಸುವ ಜರಡಿ, ಇವೆಲ್ಲವುಗಳ ಮೇಲೆ ಕಣ್ಣಿಟ್ಟಿರುವ ತಂತ್ರಜ್ಞ, ಇವುಗಳಲ್ಲಿ ಒಂದು ಕೆಟ್ಟರೂ ಸರದಿ ನಿಲ್ಲುವದು. ವೇತನವು ಬಾಕಿಯಾದುದಕ್ಕಾಗಿ ಈ ತಂತ್ರಜ್ಞರು ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಮುಷ್ಕರ ಹೂಡಬೇಕಾಗಿ ಬಂದುದು ಖೇದದ ಸಂಗತಿ. ರೋಗಿಯ ರಕ್ತವನ್ನು ಕೈಯಲ್ಲಿ ಹಿಡಿದವನ ಸಂಬಳವನ್ನು ತಡೆದು ಮಾಡುವ ಉಳಿತಾಯವು ಎಂಥ ಉಳಿತಾಯ? ೨೦೨೪ರಲ್ಲಿ ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಒಂದೇ ಸಲ ಬಳಸಿ ಬಿಸಾಡುವ ಜರಡಿಯನ್ನು ಜಾರಿಗೆ ತರತೊಡಗಿತು. ತೊಳೆದು ತೊಳೆದು ಬಳಸುವದರಿಂದ ಬರಬಹುದಾದ ಸೋಂಕಿನ ಭಯವು ಇದರಿಂದ ಕಡಿಮೆಯಾಯಿತು. ಇದನ್ನು ಮೆಚ್ಚಲೇಬೇಕು.

ಆದರೆ ಆರೈಕೆಯ ದೊಡ್ಡ ಪಾಲು ಇರುವದು ಮನೆಯಲ್ಲಿ. ವಾರದ ೧೬೮ ತಾಸುಗಳಲ್ಲಿ ರೋಗಿಯು ಯಂತ್ರದ ಹತ್ತಿರ ಇರುವದು ಹನ್ನೆರಡೇ ತಾಸು. ಉಳಿದುದೆಲ್ಲ ಗೃಹಿಣಿಯ ಕೈಯಲ್ಲಿ.

ಮೊದಲನೆಯದು ಕೈಯ ಮಾತು. ಮುಂಗೈಯಲ್ಲಿಯ ಶುದ್ಧರಕ್ತದ ನಾಳವನ್ನು ಪಕ್ಕದ ಮಲಿನರಕ್ತದ ನಾಳಕ್ಕೆ ಜೋಡಿಸಿ ಹೊಲಿದರೆ, ಅದು ಕೆಲವು ವಾರಗಳಲ್ಲಿ ದಪ್ಪವಾಗಿ ಸೂಜಿ ಚುಚ್ಚಲು ಯೋಗ್ಯವಾಗುವದು. ಇದಕ್ಕೆ ಫಿಸ್ಟುಲಾ ಎನ್ನುವರು. ನ್ಯೂಯಾರ್ಕಿನ ವೈದ್ಯರು ೧೯೬೬ರಲ್ಲಿ ಪ್ರಕಟಿಸಿದ ಈ ಉಪಾಯಕ್ಕಿಂತ ಉತ್ತಮವಾದುದು ಇನ್ನೂ ಬಂದಿಲ್ಲ. ಇದನ್ನು ಮೊದಲೇ ಮಾಡಿಸಿಕೊಳ್ಳದವರಿಗೆ ಕುತ್ತಿಗೆಯಲ್ಲಿ ಕೊಳವೆ ಹಾಕಬೇಕಾಗುವದು. ಕೊಳವೆಯೆಂದರೆ ಸೋಂಕಿಗೆ ತೆರೆದಿಟ್ಟ ಬಾಗಿಲು. ಚಳಿ ನಡುಕದೊಡನೆ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸತಕ್ಕದ್ದು. ಫಿಸ್ಟುಲಾ ಇರುವ ಕೈಗೆ ಬಿಗಿಯಾದ ಬಳೆ ಕೈಗಡಿಯಾರ ಬೇಡ, ಆ ಕೈಯಲ್ಲಿ ಕೊಡ ಹೊರುವದು ಬೇಡ, ಅದರ ಮೇಲೆ ಮಲಗುವದು ಬೇಡ. ರಕ್ತದೊತ್ತಡ ನೋಡುವವರಿಗೆ ಆ ಕೈಯನ್ನು ಕೊಡಲೂಬಾರದು. ಬೆಳಿಗ್ಗೆ ಎದ್ದೊಡನೆ ಬೆರಳಿಟ್ಟು ನೋಡಿದರೆ ಅಲ್ಲಿ ಜುಮುಜುಮು ಎಂಬ ಮಿಡಿತ ಹತ್ತಬೇಕು. ಹತ್ತದಿದ್ದರೆ ಅಂದೇ ವೈದ್ಯರಿಗೆ ತಿಳಿಸಬೇಕು.

ಎರಡನೆಯದು ಅಡಿಗೆಮನೆಯ ಮಾತು. ರೋಗಿಗೆ ಹಗಲೆಲ್ಲ ಬಾಯಾರಿಕೆ. ಮೂತ್ರವಾಗದ ದೇಹದಲ್ಲಿ ಕುಡಿದ ನೀರೆಲ್ಲ ಉಳಿದು ಶ್ವಾಸಕೋಶಕ್ಕೆ ಇಳಿಯುವದು. ಬಾಯಾರಿಕೆಯ ಬೇರು ಇರುವದು ಉಪ್ಪಿನಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ಬೆಳೆಯುವ ಸೀಮೆಯವರಿಗೆ ಖಾರದ ಚಟ್ನಿ, ಉಪ್ಪಿನಕಾಯಿ, ಹಪ್ಪಳ ಬಿಡಿರೆಂದು ಹೇಳುವದು ಕಠೋರವೆಂದು ನಾವು ಬಲ್ಲೆವು. ಆದರೂ ಇವುಗಳಲ್ಲಿಯ ಉಪ್ಪೇ ಸರದಿಯ ದಿನ ತೂಕದ ಕಲ್ಲಿನಲ್ಲಿ ಏರಿ ತೋರುವದು. ದಿನಕ್ಕೆ ಎಷ್ಟು ನೀರು ಎಂಬುದನ್ನು ವೈದ್ಯರಿಂದ ಕೇಳಿಕೊಂಡು, ಬೆಳಿಗ್ಗೆಯೇ ಒಂದು ತಂಬಿಗೆಯಲ್ಲಿ ಅಳೆದಿಟ್ಟು, ಚಹ ಮಜ್ಜಿಗೆ ಸಾರುಗಳನ್ನೂ ಅದರಲ್ಲಿಯೇ ಲೆಕ್ಕ ಹಿಡಿಯುವದು ಒಳ್ಳೆಯದು.

ಅತಿಥಿಗಳ ವಿಷಯದಲ್ಲಿಯೂ ಒಂದು ಮಾತು. ರೋಗಿಯನ್ನು ನೋಡಲು ಬರುವವರು ಎಳನೀರು ಬಾಳೆಹಣ್ಣು ತರುವದು ನಮ್ಮ ಕಡೆಯ ರೂಢಿ. ಬೇರೆ ರೋಗಿಗಳಿಗೆ ಅಮೃತವಾದ ಎಳನೀರು ಈ ರೋಗಿಗೆ ಮಾತ್ರ ಅಪಾಯಕಾರಿ, ಏಕೆಂದರೆ ಅದರಲ್ಲಿ ಪೊಟ್ಯಾಸಿಯಮ್ ಹೇರಳವಾಗಿದೆ. ಕೊಟ್ಟವರ ಮನಸ್ಸು ನೋಯಬಾರದೆಂದು ಕುಡಿಸುವ ದಾಕ್ಷಿಣ್ಯವನ್ನು ಮನೆಯವರು ಖಂಡಿತ ಬಿಡಬೇಕು. ಕಾಯಿಪಲ್ಲೆಗಳನ್ನು ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿದರೆ ಅವುಗಳಲ್ಲಿಯ ಪೊಟ್ಯಾಸಿಯಮ್ ತಕ್ಕಮಟ್ಟಿಗೆ ಇಳಿಯುವದು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಡಯಾಲಿಸಿಸ್ ಶುರುವಾಗುವ ಮೊದಲು ವೈದ್ಯರು ಬೇಳೆ ಮೊಟ್ಟೆಗಳನ್ನು ಮಿತಗೊಳಿಸಿರುತ್ತಾರೆ. ಶುರುವಾದ ಮೇಲೆ ಆ ಪಥ್ಯವನ್ನೇ ಮುಂದುವರಿಸಿ ಗಂಜಿಯ ಮೇಲೆ ಇಟ್ಟರೆ ರೋಗಿಯು ಕ್ಷೀಣಿಸುವನು. ಯಂತ್ರವು ಕಶ್ಮಲದೊಡನೆ ಪುಷ್ಟಿಯನ್ನೂ ಸ್ವಲ್ಪ ಸೆಳೆಯುವದರಿಂದ, ಆಗ ಪ್ರೋಟೀನು ಹೆಚ್ಚು ಬೇಕಾಗುವದು.

ಇಷ್ಟೆಲ್ಲ ದಾರಿ ಸವೆಸುವದರ ಬದಲಾಗಿ ಯಂತ್ರವನ್ನೇ ಬಿಡುವ ಒಂದು ಉಪಾಯವಿದೆ. ಹೊಟ್ಟೆಯ ಒಳಗೋಡೆಗೆ ಹಾಸಿಕೊಂಡಿರುವ ಪೊರೆಯೇ ಒಂದು ಜರಡಿ. ಸಣ್ಣ ಕೊಳವೆಯ ಮೂಲಕ ಸುಮಾರು ಎರಡು ಲೀಟರು ದ್ರಾವಣವನ್ನು ಹೊಟ್ಟೆಗೆ ಬಿಟ್ಟು, ಕೆಲವು ತಾಸಿನ ಮೇಲೆ ಹೊರಗೆ ತೆಗೆದು, ದಿನಕ್ಕೆ ಮೂರು-ನಾಲ್ಕು ಸಲ ಹೀಗೆ ಮಾಡಿದರೆ ರಕ್ತಶುದ್ಧಿಯು ಮನೆಯಲ್ಲಿಯೇ ಆಗುವದು. ಥಾಯ್ಲಂಡ್ ದೇಶವು ೨೦೦೮ರಲ್ಲಿ ತನ್ನ ಸಾರ್ವತ್ರಿಕ ವಿಮೆಯ ರೋಗಿಗಳಿಗೆ ಇದನ್ನೇ ಮೊದಲನೆಯ ಚಿಕಿತ್ಸೆಯನ್ನಾಗಿ ಮಾಡಿ ಹಳ್ಳಿಹಳ್ಳಿಗೆ ಮುಟ್ಟಿಸಿತು. ೨೦೨೨ರಲ್ಲಿ ಆಯ್ಕೆಯನ್ನು ರೋಗಿಗೂ ವೈದ್ಯನಿಗೂ ಬಿಟ್ಟಿತು. ನಮ್ಮ ಕೇಂದ್ರ ಸರಕಾರವೂ ೨೦೧೯ರಲ್ಲಿ ಇದನ್ನು ತನ್ನ ಕಾರ್ಯಕ್ರಮದೊಳಗೆ ಸೇರಿಸಿತು. ಇದರಲ್ಲಿ ತೊಂದರೆಗಳಿಲ್ಲದಿಲ್ಲ. ಕೈ ತೊಳೆಯುವದರಲ್ಲಿ ಒಂದು ದಿನದ ಅಲಕ್ಷ್ಯವಾದರೂ ಹೊಟ್ಟೆಗೆ ಸೋಂಕು ಹತ್ತೀತು. ಧೂಳಿಲ್ಲದ ಒಂದು ಮೂಲೆ ಮನೆಯಲ್ಲಿ ಬೇಕು. ದ್ರಾವಣದ ಚೀಲಗಳು ವೇಳೆಗೆ ಸರಿಯಾಗಿ ಬರಬೇಕು. ಆದರೂ ಮಡಿ ಮೈಲಿಗೆಯ ಶಿಸ್ತನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಈ ಶಿಸ್ತು ಅಸಾಧ್ಯವಲ್ಲವೆಂದು ನಮಗೆ ತೋರುತ್ತದೆ. ತಮ್ಮ ರೋಗಿಗೆ ಇದು ಒಗ್ಗುವದೇ ಎಂದು ಮೊದಲನೆಯ ದಿನವೇ ವೈದ್ಯರನ್ನು ಕೇಳುವದಕ್ಕೆ ಸಂಕೋಚಪಡಬಾರದು. ಮನೆಯಲ್ಲಿ ಮೂತ್ರಪಿಂಡವನ್ನು ದಾನಮಾಡಲು ಒಪ್ಪುವವರಿದ್ದರೆ ಕಸಿಯ ವಿಚಾರವನ್ನೂ ಆಗಲೇ ಎತ್ತಬೇಕು. ಅದು ಎಲ್ಲಕ್ಕಿಂತ ಮೇಲಾದುದು.

ಅಲ್ಲಿಯ ವರೆಗೆ ಹಣ ಬೇಡದ ಒಂದು ಸುಧಾರಣೆಯನ್ನು ನಾಳೆಯೇ ಮಾಡಬಹುದು. ಆಸ್ಪತ್ರೆಯವರು ಸರದಿಯನ್ನು ಗೊತ್ತುಮಾಡುವಾಗ ರೋಗಿಯ ಊರನ್ನೂ ಬಸ್ಸಿನ ವೇಳೆಯನ್ನೂ ಕೇಳಿ ಬರೆದುಕೊಳ್ಳಲಿ. ಗುತ್ತಲ, ಹಾವನೂರಿನ ಕಡೆಯವರನ್ನು ಒಂದೇ ದಿನ, ಒಂದೇ ಪಾಳಿಯಲ್ಲಿ ಕೂಡಿಸಿದರೆ ಅವರು ಒಟ್ಟಾಗಿ ಒಂದು ಗಾಡಿಯಲ್ಲಿ ಹೋಗಿ ಬರಬಹುದು. ಮನೆಗೊಬ್ಬರಂತೆ ಜೊತೆಗೆ ಹೋಗುವ ಬದಲು ಸರದಿಯ ಮೇಲೆ ಒಬ್ಬಿಬ್ಬರು ಹೋದರೂ ಸಾಕು. ಗಾಡಿಯ ಬಾಡಿಗೆಯನ್ನು ಊರಿನ ಸಹಕಾರಿ ಸಂಘವೋ ಜಾತ್ರೆಯ ಕಮಿಟಿಯೋ ವಹಿಸಿಕೊಳ್ಳುವದಾದರೆ, ಪಂಚಮಿಯ ವಾರದಲ್ಲಿಯೂ ಆ ಗಾಡಿ ತಪ್ಪದೆ ಹೊರಡುವಂತೆ ಮೊದಲೇ ಹೇಳಿಡಬೇಕು.