ಅಗುಳಿಯೂ ಅಪಾಯದ ಗಂಟೆಯೂ

ಮನೆಗೆ ಕಳ್ಳರ ಭಯ ಒಂದಾದರೆ, ಮನೆಯೊಳಗಿರುವ ವೃದ್ಧರಿಗೆ ಹಠಾತ್ತನೆ ಒದಗುವ ಕಾಯಿಲೆಯ ಭಯ ಮತ್ತೊಂದು. ಎರಡಕ್ಕೂ ಇಂದು ಯಂತ್ರಗಳು ಬಂದಿವೆ. ಆದರೆ ಮಕ್ಕಳು ಪರದೇಶದಲ್ಲಿದ್ದು ದಂಪತಿಗಳಿಬ್ಬರೇ ಉಳಿದಿರುವ ಮುಂಬಯಿಯ ಫ್ಲ್ಯಾಟುಗಳಲ್ಲಿ ಒಂದರ ಉಪಾಯವೇ ಇನ್ನೊಂದಕ್ಕೆ ಅಪಾಯವಾಗುವುದುಂಟು. ಕಬ್ಬಿಣದ ಜಾಲರಿ, ಅದರ ಹಿಂದೆ ಮರದ ಬಾಗಿಲು, ಒಳಗಿನಿಂದ ಮೇಲೊಂದು ಕೆಳಗೊಂದು ಅಗುಳಿ. ಕಳ್ಳನು ಒಳಬರಲಾರನು, ನಿಜ; ಸ್ನಾನದ ಮನೆಯಲ್ಲಿ ಜಾರಿಬಿದ್ದ ಅಜ್ಜಿಯ ಬಳಿಗೆ ನೆರೆಯವರೂ ಬರಲಾರರು.

ಕಳ್ಳರ ಸುಳಿವು ಕೊಡುವ ವಿದ್ಯುತ್ ಗಂಟೆ ಹೊಸತಲ್ಲ. ಅಮೆರಿಕದ ಆಗಸ್ಟಸ್ ಪೋಪ್ ಎಂಬಾತನು 1853ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದನು. ಇಂದಿನ ಸಾಧನದಲ್ಲಿ ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ಸ್ವಿಚ್. ಇವು ಅಗಲಿದೊಡನೆ ಸೈರನ್ ಕೂಗುತ್ತದೆ. ಚಲಿಸುವ ದೇಹದ ಉಷ್ಣವನ್ನು ಗುರುತಿಸುವ ಬಗೆಯೂ ಒಂದುಂಟು. ಬೆಕ್ಕು ಸಾಕಿದವರು ಅದರ ಗೊಡವೆಗೆ ಹೋಗದಿರುವುದೇ ಲೇಸು. ಹತ್ತು ಸಲ ಸುಳ್ಳು ಕೂಗಿದ ಮೇಲೆ ಹನ್ನೊಂದನೆಯ ಕೂಗಿಗೆ ಕಾವಲುಗಾರನು ಕುರ್ಚಿ ಬಿಟ್ಟು ಏಳುವುದಿಲ್ಲ. ಬ್ಯಾಂಕುಗಳಲ್ಲಿ ಅಲಾರಮನ್ನು ಆಗಾಗ ಬಾರಿಸಿ ಪರೀಕ್ಷಿಸುವ ಪದ್ಧತಿಯಿದೆ. ಮನೆಗಳಲ್ಲಾದರೋ ಕೊಂಡ ದಿನ ಬಾರಿಸಿದ್ದೇ ಕಡೆ.

ವೈದ್ಯಕೀಯ ಕರೆಯ ಗುಂಡಿಯ ಏರ್ಪಾಡು 1970ರ ದಶಕದಲ್ಲಿ ಜರ್ಮನಿ, ಅಮೆರಿಕಗಳಲ್ಲಿ ರೂಢಿಗೆ ಬಂದಿತು. ಕೊರಳಿನ ಅಥವಾ ಮಣಿಕಟ್ಟಿನ ಗುಂಡಿಯನ್ನು ಒತ್ತಿದರೆ ಮನೆಯಲ್ಲಿರುವ ಪೆಟ್ಟಿಗೆಯು ಮೊದಲೇ ಗೊತ್ತುಪಡಿಸಿದ ನಂಬರುಗಳಿಗೆ ಫೋನು ಮಾಡುತ್ತದೆ. ಇಲ್ಲಿ ಬೆಲೆಬಾಳುವುದು ಹೊತ್ತು. ಬಿದ್ದವರು ಗಂಟೆಗಟ್ಟಲೆ ನೆಲದ ಮೇಲೆಯೇ ಬಿದ್ದಿದ್ದರೆ, ಮೂಳೆ ಮುರಿಯದಿದ್ದರೂ, ಒತ್ತಿಹೋದ ಸ್ನಾಯುಗಳು ಕರಗಿ ಮೂತ್ರಪಿಂಡಗಳಿಗೆ ಘಾತವಾಗಬಹುದು. ಮೆದುಳಿನ ರಕ್ತನಾಳ ಕಟ್ಟಿ ಪಾರ್ಶ್ವವಾಯು ಬಡಿದರೆ, ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಾತ್ರಿ ಹತ್ತಕ್ಕೆ ಬಿದ್ದವರನ್ನು ಬೆಳಿಗ್ಗೆ ಹಾಲಿನವನು ಕಂಡರೆ ಆ ಅವಧಿ ಎಂದೋ ಮೀರಿರುತ್ತದೆ.

ಆದುದರಿಂದ ಗುಂಡಿಯು ಮೈಮೇಲೆಯೇ ಇರಬೇಕು, ಸ್ನಾನದ ಮನೆಯಲ್ಲಿ ಕೂಡ. ಮಂಚದ ಮೊಳೆಗೆ ತೂಗಿದ ಗುಂಡಿ ಯಾರ ಕೈಗೂ ಎಟುಕದು. ನೀರು ತಾಗಿದರೂ ಕೆಡದಂಥದೇ, ಕರೆಂಟು ಹೋದರೂ ಪೆಟ್ಟಿಗೆಯ ಬ್ಯಾಟರಿ ನಡೆಯುವುದೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ತಾನಾಗಿ ಬೀಳುವಿಕೆಯನ್ನು ಗುರುತಿಸುವ ಗುಂಡಿಗಳೂ ಇವೆಯಾದರೂ, ಗೋಡೆ ಹಿಡಿದು ಮೆಲ್ಲಗೆ ಕುಸಿದವರನ್ನು ಅವು ಗುರುತಿಸದೆ ಹೋಗಬಹುದು.

ಇನ್ನು ಕರೆ ಯಾರಿಗೆ ಹೋಗಬೇಕು? ಮೊದಲ ನಂಬರು ನ್ಯೂಜೆರ್ಸಿಯ ಮಗನದೆಂದು ಬರೆಸುವ ವಾಡಿಕೆ ಪ್ರೀತಿಯದೇ ಹೊರತು ವಿವೇಕದ್ದಲ್ಲ. ಇಲ್ಲಿ ನಡುರಾತ್ರಿಯಾದರೆ ಅಲ್ಲಿ ಹಗಲು. ಅವನು ಫೋನನ್ನೇನೋ ಎತ್ತಿಯಾನು, ಬಾಗಿಲು ತೆರೆಯಲಾರನು. ಮೊದಲ ನಂಬರು ಎದುರುಮನೆಯವರದಿರಲಿ. ಗುಂಡಿಗೆ ಹಣವಿಲ್ಲದವರಿಗೂ ದಾರಿಯಿದೆ: 2017ರಿಂದ ಭಾರತದಲ್ಲಿ ಮಾರುವ ಮೊಬೈಲುಗಳಲ್ಲಿ ಅಪಾಯದ ಗುಂಡಿಯ ಸೌಲಭ್ಯ ಕಡ್ಡಾಯವಾಗಿದೆ, 112ಕ್ಕೆ ನೇರವಾಗಿಯೂ ಕರೆ ಮಾಡಬಹುದು.

ಅಗುಳಿಯ ಪ್ರಶ್ನೆ ಉಳಿಯಿತು. ಒಳಗಿನ ಅಗುಳಿ ಹಾಕಿದ್ದರೆ ಹೊರಗಿನ ಕೀಲಿಕೈ ನಿಷ್ಪ್ರಯೋಜಕ. ಎರಡೂ ಕಡೆಯಿಂದ ಕೀಲಿಯಲ್ಲಿ ತೆರೆಯುವ ಗಟ್ಟಿಯಾದ ಬೀಗವೊಂದನ್ನು ಹಾಕಿಸಿ, ಅಗುಳಿಗಳಿಗೆ ರಜೆ ಕೊಡಬೇಕು. ಒಳಬದಿಗೆ ಕೀಲಿಯನ್ನು ಚುಚ್ಚಿಯೇ ಬಿಡಬಾರದು. ಸ್ನಾನದ ಮನೆಗೆ, ಹೊರಗಿನಿಂದ ನಾಣ್ಯದ ಅಂಚಿನಿಂದ ತಿರುಗಿಸಿ ತೆರೆಯಬಹುದಾದ ಚಿಲಕ ಸಾಕು. ಬಾಗಿಲು ಹೊರಕ್ಕೆ ತೆರೆದರೆ ಇನ್ನೂ ಮೇಲು, ಏಕೆಂದರೆ ಬಿದ್ದವರ ಮೈಯೇ ಒಳಬಾಗಿಲಿಗೆ ಅಡ್ಡವಾಗುವುದುಂಟು. ಮನೆಯ ಇನ್ನೊಂದು ಕೀಲಿಕೈ ಎದುರುಮನೆಯಲ್ಲಿರಲಿ. ಮೇ ತಿಂಗಳ ರಜೆಯಲ್ಲಿ ಅವರು ಊರಿಗೆ ಹೊರಟರೆ, ಅದು ಕೆಳಮಹಡಿಯವರ ಕೈಗೆ ದಾಟಬೇಕು. ಗುಂಡಿಯ ಮೊದಲ ನಂಬರೂ ಅದರೊಂದಿಗೇ ಬದಲಾಗಬೇಕು.